ಕ್ರಿಯಾಟಿನಿನ್ ಏರುವ ಮುನ್ನ

ಜಾವಗಲ್ ಎಂದರೆ ಹೊರಗಿನವರಿಗೆ ಹೊಯ್ಸಳರ ಲಕ್ಷ್ಮೀನರಸಿಂಹ ದೇಗುಲ, ಇಲ್ಲವೇ ವೇಗಿ ಶ್ರೀನಾಥ್ ಹೆಸರಿನ ಮುಂದಿರುವ ಊರು. ಊರಿನವರಿಗೆ ಅದು ತೆಂಗು, ರಾಗಿ, ಬೋರ್‌ವೆಲ್. ಈ ಊರಿರುವ ಅರಸೀಕೆರೆ ತಾಲ್ಲೂಕಿನ ಹಲವು ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಬಾರದು. ಹಲ್ಲು ಕಂದುಗಟ್ಟುವುದು ಎಲ್ಲರಿಗೂ ಕಾಣುತ್ತದೆ. ಮೈಸೇರಿದ ಫ್ಲೋರೈಡನ್ನು ಹೊರಹಾಕಲು ದುಡಿಯುವ ಕಿಡ್ನಿ ಕಾಣುವುದಿಲ್ಲ.

ಹಾಗೆಂದು ಎಲ್ಲ ಕಿಡ್ನಿ ರೋಗವನ್ನೂ ನೀರಿನ ತಲೆಗೆ ಕಟ್ಟುವಂತಿಲ್ಲ. ದೊಡ್ಡ ಕಾರಣಗಳು ಶುಗರ್ ಮತ್ತು ಬಿಪಿ. ಮೂಲ ಯಾವುದಾದರೂ ಜೀವಕೋಶದೊಳಗಿನ ಪಾಡು ಹೆಚ್ಚುಕಡಿಮೆ ಒಂದೇ. ಆಮ್ಲಜನಕದ ಉಗ್ರ ಕಣಗಳು ಹೆಚ್ಚುತ್ತವೆ, ಹೊಸ ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳದೆ ರಾಶಿ ಬೀಳುತ್ತವೆ. ಕೋಶ ಕೆಲಕಾಲ ತಾಳಿಕೊಂಡು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಒತ್ತಡ ಬಿಡದಿದ್ದರೆ ಸಾಯುತ್ತದೆ. ಆ ಜಾಗದಲ್ಲಿ ಗಾಯದ ಕಲೆಯಂತೆ ನಾರು ತುಂಬುತ್ತದೆ. ನಾರು ರಕ್ತ ಸೋಸುವುದಿಲ್ಲ.

ಈ ಹಗ್ಗಜಗ್ಗಾಟದಲ್ಲಿ ಮೈಕ್ರೋಆರ್‌ಎನ್‌ಎಗಳ ಕೈವಾಡವಿದೆ. ಸುಮಾರು 22 ಅಕ್ಷರದಷ್ಟೇ ಉದ್ದದ ಇವು ಜೀನುಗಳ ಸಂದೇಶಕ್ಕೆ ಅಂಟಿಕೊಂಡು ಅದರ ಬಾಯಿ ಮುಚ್ಚಿಸುತ್ತವೆ. 1993ರಲ್ಲಿ ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇವನ್ನು ಗುರುತಿಸಿದ ಕೆಲಸಕ್ಕೆ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕನ್ ಅವರಿಗೆ 2024ರ ನೊಬೆಲ್ ಬಂತು. ಇವುಗಳ ಪೈಕಿ ಕಿಡ್ನಿಯಲ್ಲಿ ಮಿಆರ್-29 ನಾರನ್ನು ಹತ್ತಿಕ್ಕುತ್ತದೆ, ಮಿಆರ್-21 ಕುಮ್ಮಕ್ಕು ಕೊಡುತ್ತದೆ. ರೋಗ ಬಲಿತಂತೆ ಮೊದಲನೆಯದು ಕುಗ್ಗಿ ಎರಡನೆಯದು ಏರುತ್ತದೆ.

ಹಾಗಾದರೆ 21ನ್ನು ತಡೆದರಾಯಿತಲ್ಲ? ಇಲಿಗಳಲ್ಲಿ ಫಲಿಸಿತು. ಆದರೆ ಆಲ್ಪೋರ್ಟ್ ಎಂಬ ಆನುವಂಶಿಕ ಕಿಡ್ನಿ ರೋಗದವರ ಮೇಲೆ ನಡೆದ, 21ನ್ನು ತಡೆಯುವ ಲಾಡೆಮಿರ್ಸೆನ್ ಔಷಧದ ಪ್ರಯೋಗ 2022ರಲ್ಲಿ ಪ್ರಯೋಜನ ಕಾಣದೆ ನಿಂತಿತು. ಪತ್ರಿಕೆಗಳಲ್ಲಿ ಇಲಿಯ ಸುದ್ದಿ ದೊಡ್ಡದಾಗಿ ಬರುತ್ತದೆ, ಇಂಥದ್ದು ಬರುವುದಿಲ್ಲ.

ಮೂತ್ರದಲ್ಲಿ ಸಿಗುವ ಮೈಕ್ರೋಆರ್‌ಎನ್‌ಎ ಮುಂದೊಂದು ದಿನ ರೋಗದ ಸುಳಿವನ್ನು ಬೇಗ ಕೊಟ್ಟೀತು. ಸದ್ಯಕ್ಕೆ ಅದು ಸಂಶೋಧಕರ ಲ್ಯಾಬಿನ ಮಾತು. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಸ ಏರಿತೆಂದು ಹಾಸನದ ಆಸ್ಪತ್ರೆಗೆ ಓಡುವ ಹೊತ್ತಿಗೆ ಕಿಡ್ನಿಯ ಅರ್ಧ ಶಕ್ತಿ ಹೋಗಿರಬಹುದು. ಅದಕ್ಕಿಂತ ಮೊದಲೇ ಸುಳಿವು ಕೊಡುವುದು ಮೂತ್ರದ ಆಲ್ಬುಮಿನ್ ಪರೀಕ್ಷೆ. ಶುಗರ್ ಇರುವವರು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು.

ನನಗೆ ಹೆಚ್ಚು ಚಿಂತೆ ಇನ್ನೊಂದು ಸುತ್ತಿನದು. ಫ್ಲೋರೈಡ್ ಕೂತ ಕೀಲು ನೋಯುತ್ತದೆ, ನೋವಿಗೆ ಮೆಡಿಕಲ್ ಸ್ಟೋರಿನ ಮಾತ್ರೆ, ಮಾತ್ರೆಯಿಂದ ಕಿಡ್ನಿಗೆ ಹರಿಯುವ ರಕ್ತ ಕಮ್ಮಿ, ಸೋತ ಕಿಡ್ನಿಯಿಂದ ಫ್ಲೋರೈಡ್ ಒಳಗೇ ಉಳಿಕೆ. ನೀರು ಕುದಿಸಿದರೆ ಫ್ಲೋರೈಡ್ ಹೋಗದು, ಇನ್ನಷ್ಟು ಗಟ್ಟಿಯಾಗುತ್ತದೆ. ಆರ್‌ಒ ಘಟಕದ ನೀರೋ, ಕೊಯ್ದಿಟ್ಟ ಮಳೆನೀರೋ ಆದೀತು.