ಗಲ್ಲಾ ತಲುಪುವ ಮುನ್ನವೇ ತಪ್ಪು ಹಿಡಿಯುವ ಜೆಂಕಿನ್ಸ್

2025ರ ಸೆಪ್ಟೆಂಬರ್ 22ರಂದು ಸರಕು ಮತ್ತು ಸೇವಾ ತೆರಿಗೆಯ ಹೊಸ ದರಗಳು ಜಾರಿಗೆ ಬಂದವು. ಸಿಮೆಂಟಿನ ತೆರಿಗೆ ಶೇ. 28ರಿಂದ 18ಕ್ಕೂ, ಕೃಷಿ ಟ್ರ್ಯಾಕ್ಟರಿನ ತೆರಿಗೆ ಶೇ. 12ರಿಂದ 5ಕ್ಕೂ ಇಳಿಯಿತು. ಬಿಲ್ಲಿಂಗ್ ತಂತ್ರಾಂಶಗಳು ಆ ಒಂದೇ ರಾತ್ರಿಯಲ್ಲಿ ಬದಲಾಗಬೇಕಾಯಿತು. ಇಂತಹ ಬದಲಾವಣೆಯಲ್ಲಿ ತಪ್ಪು ನುಸುಳಿದರೆ ಅದರ ಹೊರೆ ವರ್ತಕನದೇ. ಹೆಚ್ಚು ತೆರಿಗೆ ವಸೂಲಾದರೆ ಅದನ್ನು ಸರ್ಕಾರಕ್ಕೆ ಕಟ್ಟಲೇಬೇಕು. ಕಡಿಮೆ ವಸೂಲಾದರೆ ಕೈಯಿಂದ ತುಂಬಬೇಕು.

ತಾವರಗೇರಾ, ಕುಷ್ಟಗಿ, ಗಂಗಾವತಿಗಳ ವರ್ತಕ ಬಂಧುಗಳಲ್ಲಿ ಸಿದ್ಧ ತಂತ್ರಾಂಶವನ್ನು ಕೊಂಡು ಬಳಸುವವರಿಗೆ ಅದರ ತಯಾರಕರೇ ಪರಿಷ್ಕೃತ ಆವೃತ್ತಿ ನೀಡುತ್ತಾರೆ. ಆದರೆ ತಮ್ಮ ವ್ಯವಹಾರಕ್ಕೆಂದೇ ತಂತ್ರಾಂಶ ಬರೆಸಿಕೊಂಡಿರುವ ಗಿರಣಿ, ಗೋದಾಮು, ಕಾರ್ಖಾನೆಗಳ ಮಾಲೀಕರಿಗೆ ಆ ಅನುಕೂಲವಿಲ್ಲ. ಈ ಲೇಖನ ಅವರಿಗಾಗಿ.

ಏನಿದು ವ್ಯವಸ್ಥೆ?

ಪ್ರೋಗ್ರಾಮರ್ ಮಾಡಿದ ಪ್ರತಿಯೊಂದು ತಿದ್ದುಪಡಿಯನ್ನೂ ಕೂಡಲೇ ಮೂಲ ತಂತ್ರಾಂಶದೊಡನೆ ಸೇರಿಸಿ, ಯಂತ್ರದಿಂದಲೇ ಪರೀಕ್ಷಿಸುವ ಪದ್ಧತಿಗೆ ಕಂಟಿನ್ಯುಯಸ್ ಇಂಟಿಗ್ರೇಷನ್, ಅಂದರೆ ನಿರಂತರ ಜೋಡಣೆ ಎಂದು ಹೆಸರು. ಇದಕ್ಕೆ ಬಳಕೆಯಲ್ಲಿರುವ ಪ್ರಸಿದ್ಧ ಸಾಧನ ಜೆಂಕಿನ್ಸ್. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿದ್ದ ಕೊಹ್ಸುಕೆ ಕವಾಗುಚಿ ಅವರು 2004ರಲ್ಲಿ ಇದನ್ನು ಹಡ್ಸನ್ ಎಂಬ ಹೆಸರಿನಲ್ಲಿ ಆರಂಭಿಸಿದರು. ಒರಾಕಲ್ ಸಂಸ್ಥೆಯೊಡನೆ ಹೆಸರಿನ ಬಗ್ಗೆ ವಿವಾದ ಉಂಟಾದಾಗ 2011ರಲ್ಲಿ ಜೆಂಕಿನ್ಸ್ ಎಂದು ಮರುನಾಮಕರಣವಾಯಿತು. ಇದು ಮುಕ್ತ ತಂತ್ರಾಂಶ, ಪರವಾನಗಿ ಶುಲ್ಕವಿಲ್ಲ.

ಸ್ಥಾಪನೆಯ ಕ್ರಮ

ನಾಲ್ಕು ಜಿಬಿ ಮೆಮೊರಿ ಹಾಗೂ ಐವತ್ತು ಜಿಬಿ ಡಿಸ್ಕ್ ಇರುವ ಗಣಕಯಂತ್ರ ಸಣ್ಣ ತಂಡಕ್ಕೆ ಸಾಕು. ಅದರಲ್ಲಿ ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಅಳವಡಿಸಿ, ಮೊದಲು ಜಾವಾ 21 ಸ್ಥಾಪಿಸಬೇಕು. ಬಳಿಕ ಜೆಂಕಿನ್ಸ್ ಯೋಜನೆಯ ಅಧಿಕೃತ ಭಂಡಾರವನ್ನೂ ಅದರ ಸಹಿ ಕೀಲಿಯನ್ನೂ ಸೇರಿಸಿ, ದೀರ್ಘಾವಧಿ ಬೆಂಬಲದ ಆವೃತ್ತಿಯನ್ನು ಇಳಿಸಿಕೊಳ್ಳಬೇಕು. ಅದೇ ಜಾಲದ ಬೇರೆ ಗಣಕದ ಬ್ರೌಸರಿನಲ್ಲಿ ಸರ್ವರಿನ ವಿಳಾಸದೊಂದಿಗೆ 8080ನೆಯ ಪೋರ್ಟ್ ತೆರೆದಾಗ ಆರಂಭಿಕ ಗುಪ್ತಪದ ಕೇಳುತ್ತದೆ. ಅದು ಸರ್ವರಿನಲ್ಲಿಯೇ ಒಂದು ಕಡತದಲ್ಲಿರುತ್ತದೆ. ಆ ಕಡತದ ಹೆಸರನ್ನು ತೆರೆಯೇ ತೋರಿಸುತ್ತದೆ. ಸೂಚಿತ ಪ್ಲಗಿನ್‌ಗಳನ್ನು ಸೇರಿಸಿ, ನಿರ್ವಾಹಕರ ಖಾತೆ ತೆರೆದು, ತಂತ್ರಾಂಶದ ಮೂಲ ಸಂಕೇತವಿರುವ ಗಿಟ್ ಭಂಡಾರಕ್ಕೆ ಜೋಡಿಸಿದರೆ ಕೆಲಸ ಆರಂಭ.

ಪರೀಕ್ಷೆ ಬರೆಸಬೇಕಾದವರು ವರ್ತಕರು

ಜೆಂಕಿನ್ಸ್ ಪರೀಕ್ಷೆಯನ್ನು ನಡೆಸುತ್ತದೆಯೇ ಹೊರತು ಯಾವ ಬಿಲ್ಲು ಸರಿ, ಯಾವುದು ತಪ್ಪು ಎಂಬುದು ಅದಕ್ಕೆ ತಿಳಿಯದು. ಅದನ್ನು ಬಲ್ಲವರು ಮಾಲೀಕರೂ ಗುಮಾಸ್ತರೂ. ಗಂಗಾವತಿಯ ಅಕ್ಕಿ ವ್ಯಾಪಾರವನ್ನೇ ನೋಡೋಣ. 2022ರ ಜುಲೈ 18ರಿಂದ ಲೇಬಲ್ ಸಹಿತ ಮುಂಚಿತವಾಗಿ ಪ್ಯಾಕ್ ಮಾಡಿದ 25 ಕಿಲೋವರೆಗಿನ ಅಕ್ಕಿಗೆ ಶೇ. 5 ತೆರಿಗೆ; ಅದಕ್ಕೂ ಹೆಚ್ಚಿನ ತೂಕದ ಚೀಲಕ್ಕೆ ಇಲ್ಲ. ಆದುದರಿಂದ 25 ಕಿಲೋ ಚೀಲಕ್ಕೊಂದು, 26 ಕಿಲೋ ಚೀಲಕ್ಕೊಂದು ಮಾದರಿ ಬಿಲ್ಲು ಇರಲೇಬೇಕು. ಹಳೆಯ ದರದಲ್ಲಿ ಮಾರಿದ ಸಿಮೆಂಟು ಮರಳಿ ಬಂದರೆ ಕ್ರೆಡಿಟ್ ನೋಟು ಹಳೆಯ ದರದಲ್ಲಿಯೇ ಬರಬೇಕು. ಇದಕ್ಕೂ ಒಂದು ಮಾದರಿ ಬೇಕು. ಇಂತಹ ಇಪ್ಪತ್ತು ಮಾದರಿಗಳನ್ನು ಕಾಗದದ ಮೇಲೆ ಬರೆದು ಪ್ರೋಗ್ರಾಮರಿಗೆ ಕೊಡಿ. ಅವುಗಳಲ್ಲಿ ಒಂದು ತಪ್ಪಿದರೂ ಜೆಂಕಿನ್ಸ್ ಕೆಂಪು ಗುರುತು ತೋರಿಸುತ್ತದೆ. ಎಲ್ಲವೂ ಸರಿಹೋಗುವವರೆಗೆ ಆ ತಿದ್ದುಪಡಿ ಅಂಗಡಿಯ ಗಣಕಕ್ಕೆ ಹೋಗದಂತೆ ಏರ್ಪಾಡು ಮಾಡಿಸಿಕೊಳ್ಳಬೇಕು.

ಎಚ್ಚರಿಕೆಗಳು

ಸರ್ವರನ್ನು ಅಂತರಜಾಲಕ್ಕೆ ನೇರವಾಗಿ ತೆರೆದಿಡಬಾರದು. ಸರ್ವರಿನ ಕಡತಗಳನ್ನು ಹೊರಗಿನವರು ಓದಲು ಆಸ್ಪದ ನೀಡುವ ಗಂಭೀರ ಲೋಪವೊಂದು ಜೆಂಕಿನ್ಸ್‌ನಲ್ಲಿ ಇರುವುದು 2024ರ ಜನವರಿಯಲ್ಲಿ ಪ್ರಕಟವಾಗಿ, ಆಗಲೇ ಸರಿಪಡಿಸಿದ ಆವೃತ್ತಿಯೂ ಬಂದಿತು. ಪರಿಷ್ಕೃತ ಆವೃತ್ತಿಗಳನ್ನು ತಪ್ಪದೆ ಅಳವಡಿಸಿಕೊಳ್ಳುವುದು ಅಗತ್ಯ. ವಿದ್ಯುತ್ ವ್ಯತ್ಯಯವನ್ನು ತಡೆದುಕೊಳ್ಳಲು ಯುಪಿಎಸ್ ಇರಲಿ. ಜೆಂಕಿನ್ಸ್ ದತ್ತಾಂಶದ ನಕಲನ್ನು ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ತೆಗೆದಿಡಬೇಕು. ಇವನ್ನೆಲ್ಲ ನೋಡಿಕೊಳ್ಳುವ ಒಬ್ಬರನ್ನು ಹೆಸರಿಸಿ ಜವಾಬ್ದಾರಿ ವಹಿಸುವುದು ಒಳಿತು.

ಸಾಧನಕ್ಕೆ ಶುಲ್ಕವಿಲ್ಲ, ಹಳೆಯ ಗಣಕವೇ ಸಾಕಾಗಬಹುದು. ವರ್ತಕರು ಹೂಡಬೇಕಾದುದು ತಮ್ಮ ಮಾದರಿ ಬಿಲ್ಲುಗಳನ್ನು ಬರೆದುಕೊಡುವ ಒಂದೆರಡು ಸಂಜೆಗಳನ್ನು ಮಾತ್ರ. ತೆರಿಗೆ ದರ ಮತ್ತೊಮ್ಮೆ ಬದಲಾಗುವ ಮುನ್ನವೇ ಆ ಕೆಲಸ ಮುಗಿದಿರಲಿ.