ಅಮಲೋದ್ಭವ: ಅರ್ಹತೆಗೆ ಮೊದಲೇ ಬಂದ ಕೃಪೆ

ಕಥೋಲಿಕ ಕ್ರೈಸ್ತರು ಡಿಸೆಂಬರ್ 8ರಂದು ಆಚರಿಸುವ ಅಮಲೋದ್ಭವ ಮಾತೆಯ ಮಹೋತ್ಸವದ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಮರಿಯಮ್ಮನವರ ಬೇರೆ ಹಬ್ಬಗಳ ಬಗ್ಗೆ ಇರಲಾರದು. ಕನ್ಯೆಯಾಗಿದ್ದ ಅವರು ಯೇಸುವನ್ನು ಗರ್ಭದಲ್ಲಿ ಧರಿಸಿದುದೇ ಈ ಹಬ್ಬದ ವಿಷಯವೆಂದು ಭಾವಿಸುವವರು ಹಲವರಿದ್ದಾರೆ. ಆದರೆ ಆ ಘಟನೆಯ ಸ್ಮರಣೆ ಮಾರ್ಚ್ 25ಕ್ಕೆ ಸೇರಿದುದು. ಡಿಸೆಂಬರ್ 8 ನೆನೆಯುವುದು ಮರಿಯಮ್ಮನವರೇ ತಮ್ಮ ತಾಯಿ ಅನ್ನಮ್ಮನವರ ಗರ್ಭದಲ್ಲಿ ಮೂಡಿದ ಕ್ಷಣವನ್ನು. ಕರ್ನಾಟಕದ ಕರಾವಳಿಯಲ್ಲಿ ಹೊಸ ತೆನೆಯೊಡನೆ ಮೊಂತಿ ಹಬ್ಬವಾಗಿ ನಡೆಯುವ ಸೆಪ್ಟೆಂಬರ್ 8ರ ಮರಿಯಮ್ಮನವರ ಜನ್ಮೋತ್ಸವಕ್ಕೂ ಇದಕ್ಕೂ ಸರಿಯಾಗಿ ಒಂಬತ್ತು ತಿಂಗಳ ಅಂತರವಿದೆ.

ಮೊದಲ ಮಾನವರ ಅವಿಧೇಯತೆಯಿಂದ ಕೆಟ್ಟ ದೇವ-ಮಾನವ ಸಂಬಂಧವನ್ನು ಪ್ರತಿಯೊಬ್ಬರೂ ಹುಟ್ಟಿನಿಂದಲೇ ಹೊತ್ತು ಬರುತ್ತಾರೆಂಬುದು ಕ್ರೈಸ್ತರ ನಂಬಿಕೆ. ಈ ಸ್ಥಿತಿಯನ್ನೇ ಜನ್ಮಪಾಪ ಎನ್ನುತ್ತಾರೆ. ಮರಿಯಮ್ಮನವರು ಎಲ್ಲರಂತೆ ತಂದೆತಾಯಿಗಳಿಂದ ಹುಟ್ಟಿದರೂ ಗರ್ಭದಲ್ಲಿ ಮೂಡಿದ ಮೊದಲ ಕ್ಷಣದಿಂದಲೇ ಈ ಕಳಂಕ ಅವರಿಗೆ ತಟ್ಟಲಿಲ್ಲವೆಂಬುದೇ ಅಮಲೋದ್ಭವದ ತಿರುಳು.

ಇದನ್ನು ಎಲ್ಲರೂ ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ಮರಿಯಮ್ಮನವರನ್ನು ಅಪಾರವಾಗಿ ಪ್ರೀತಿಸಿದ ಸಂತ ಬರ್ನಾರ್ಡರೇ 12ನೆಯ ಶತಮಾನದಲ್ಲಿ ಈ ಹಬ್ಬವನ್ನು ಆಕ್ಷೇಪಿಸಿದರು. ಮುಂದಿನ ಶತಮಾನದಲ್ಲಿ ಥಾಮಸ್ ಅಕ್ವಿನಾಸರು, ಪಾಪವೇ ತಟ್ಟದವರಿಗೆ ಕ್ರಿಸ್ತನ ರಕ್ಷಣೆಯ ಅಗತ್ಯವೇ ಬೀಳುವುದಿಲ್ಲವಲ್ಲ ಎಂಬ ಗಂಭೀರವಾದ ತೊಡಕನ್ನು ಮುಂದಿಟ್ಟರು. ಇದಕ್ಕೆ ಉತ್ತರ ಕಂಡವರು 1308ರಲ್ಲಿ ತೀರಿಕೊಂಡ ಫ್ರಾನ್ಸಿಸ್ಕನ್ ಚಿಂತಕ ಡನ್ಸ್ ಸ್ಕೋಟಸ್. ಗುಂಡಿಗೆ ಬಿದ್ದವರನ್ನು ಮೇಲೆತ್ತುವುದು ರಕ್ಷಣೆಯಾದರೆ ಬೀಳುವ ಮೊದಲೇ ಕೈಹಿಡಿದು ತಡೆಯುವುದು ಅದಕ್ಕಿಂತ ಪೂರ್ಣವಾದ ರಕ್ಷಣೆ. ಹಾಗಾಗಿ ಮರಿಯಮ್ಮನವರು ಕ್ರಿಸ್ತನಿಗೆ ಉಳಿದವರಿಗಿಂತ ಹೆಚ್ಚು ಋಣಿಯೇ ಹೊರತು ಕಡಿಮೆಯಲ್ಲವೆಂಬುದು ಅವರ ವಾದದ ಸಾರ. ಹಬ್ಬದ ನಿಜವಾದ ಸೌಂದರ್ಯವಿರುವುದು ಇಲ್ಲಿಯೇ. ಗರ್ಭದಲ್ಲಿ ಆಗಷ್ಟೇ ಮೂಡಿದ ಜೀವ ಯಾವ ಪುಣ್ಯವನ್ನೂ ಗಳಿಸಿರಲು ಸಾಧ್ಯವಿಲ್ಲವಾದ್ದರಿಂದ, ಇಲ್ಲಿ ಕೊಂಡಾಡಲ್ಪಡುವುದು ಮರಿಯಮ್ಮನವರ ಸಾಧನೆಯಲ್ಲ, ಕೇಳುವ ಮೊದಲೇ ಅವರಿಗೆ ದೊರೆತ ದೇವರ ವರಪ್ರಸಾದ. ಕ್ರಿಸ್ತಜಯಂತಿಗೆ ಸಿದ್ಧವಾಗುವ ಆಗಮನ ಕಾಲದ ನಡುವೆ ಈ ಹಬ್ಬ ಬರುವುದೂ ಅರ್ಥಪೂರ್ಣವಾಗಿದೆ, ಏಕೆಂದರೆ ಬರಲಿರುವ ಮಗನ ನಿಮಿತ್ತವೇ ತಾಯಿಗೆ ಆ ಕೃಪೆ ಸಂದಿತು.

ಪೋಪ್ ಒಂಬತ್ತನೆಯ ಪಿಯುಸ್ 1854ರ ಡಿಸೆಂಬರ್ 8ರಂದು ಅಮಲೋದ್ಭವವನ್ನು ವಿಶ್ವಾಸಸತ್ಯವೆಂದು, ಅಂದರೆ ಕಥೋಲಿಕರೆಲ್ಲರೂ ನಂಬಲೇಬೇಕಾದ ಬೋಧನೆಯೆಂದು ಘೋಷಿಸಿದರು. ಪ್ರೊಟೆಸ್ಟೆಂಟರು ಬೈಬಲ್ಲಿನಲ್ಲಿ ಸ್ಪಷ್ಟ ಆಧಾರವಿಲ್ಲವೆಂದು ಇದನ್ನು ಒಪ್ಪುವುದಿಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಯಾದರೋ ಡಿಸೆಂಬರ್ 9ರಂದು ಅನ್ನಮ್ಮನವರು ಗರ್ಭ ಧರಿಸಿದುದನ್ನು ಭಕ್ತಿಯಿಂದ ಸ್ಮರಿಸಿದರೂ ಈ ಸಿದ್ಧಾಂತವನ್ನು ಸ್ವೀಕರಿಸಿಲ್ಲ. ಆದರೆ ಭಕ್ತಜನರು ರೋಮಿನ ಘೋಷಣೆಗಾಗಿ ಕಾದು ಕುಳಿತಿರಲಿಲ್ಲ. ಪೋರ್ಚುಗಲ್ಲಿನ ದೊರೆ ನಾಲ್ಕನೆಯ ಜುವಾಂವ್ 1646ರಲ್ಲಿಯೇ ಅಮಲೋದ್ಭವ ಮಾತೆಯನ್ನು ತನ್ನ ರಾಜ್ಯದ ಪಾಲಕಿಯೆಂದು ಸಾರಿದ್ದನು. ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವೆಯ ಪಣಜಿಯಲ್ಲಿ ಮೆಟ್ಟಿಲುಸಾಲುಗಳ ಮೇಲೆ ನಿಂತಿರುವ ಬಿಳಿಯ ಇಗರ್ಜಿಯೂ ಆಕೆಗೇ ಅರ್ಪಿತವಾದುದು, ಅಲ್ಲಿ ಇಂದಿಗೂ ಡಿಸೆಂಬರ್ 8 ಊರಹಬ್ಬ.