ನಿಮಗಿದು ಗೊತ್ತೆ? ರಕ್ತದೊತ್ತಡದ ಗುಪ್ತ ಸಹಚರ

ಹಾಲು, ಮೊಟ್ಟೆ, ಮಾಂಸಾದಿ ಆಹಾರಗಳಲ್ಲಿರುವ ಮೆಥಿಯೊನೀನ್ ದೇಹದಲ್ಲಿ ಮಾರ್ಪಡುವಾಗ ನಡುವೆ ಹುಟ್ಟುವ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲವು, ಫೋಲೇಟ್, ಬಿ6, ಬಿ12 ಜೀವಸತ್ತ್ವಗಳ ಅಭಾವದಿಂದ ರಕ್ತದಲ್ಲಿ ಸಂಚಯಗೊಂಡಲ್ಲಿ ಧಮನಿಗಳಿಗೆ ಅಪಾಯಕಾರಿಯಾಗಬಹುದೆಂಬ ವಾದವನ್ನು 1969ರಷ್ಟು ಹಿಂದೆಯೇ ಅಮೆರಿಕದ ವೈದ್ಯ ಕಿಲ್ಮರ್ ಮೆಕಲಿ ಮಂಡಿಸಿದ್ದರು. ಅಧಿಕ ರಕ್ತದೊತ್ತಡವೂ ಇದರೊಡನೆ ಕೂಡಿತೆಂದರೆ ಪಾರ್ಶ್ವವಾಯುವಿನ ಭೀತಿ ಹೆಚ್ಚುವುದು ಸಹಜವೇ.

ಚೀನಾದಲ್ಲಿ 20,702 ಮಂದಿ ರಕ್ತದೊತ್ತಡದ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರಕ್ತದೊತ್ತಡ ತಗ್ಗಿಸುವ ಎನಲಾಪ್ರಿಲ್ ಮಾತ್ರೆಯೊಂದನ್ನೇ ಸೇವಿಸಿದವರ ಪೈಕಿ ಶೇ. 3.4 ಮಂದಿಗೆ ಮೊದಲ ಪಾರ್ಶ್ವವಾಯು ತಗಲಿದರೆ, ಅದರೊಡನೆ ಫೋಲೇಟಿನ ಮಾತ್ರೆಯ ರೂಪವಾದ ಫೋಲಿಕ್ ಆಮ್ಲವನ್ನೂ ದಿನಕ್ಕೆ 0.8 ಮಿಲಿಗ್ರಾಂ ಸೇವಿಸಿದವರಲ್ಲಿ ಆ ಪ್ರಮಾಣ ಶೇ. 2.7ಕ್ಕೆ ಇಳಿಯಿತು. ಹೃದಯಾಘಾತ ಮಾತ್ರ ತಗ್ಗಲಿಲ್ಲ. ಗೋಧಿಹಿಟ್ಟಿಗೆ ಫೋಲಿಕ್ ಆಮ್ಲವನ್ನು ಕಡ್ಡಾಯವಾಗಿ ಬೆರೆಸದ ನಾಡಿನ ಫಲಿತಾಂಶವಿದೆಂಬುದನ್ನೂ ಮರೆಯಲಾಗದು; ಬೆರೆಸುವ ನಾಡುಗಳಲ್ಲಿ ಇಷ್ಟೇ ಲಾಭ ಸಿಗದಿರಬಹುದು.

ಶಾಕಾಹಾರಿಗಳಲ್ಲಿ ಹೋಮೋಸಿಸ್ಟೀನ್ ಏರಲು ಬಿ12ರ ಕೊರತೆಯೇ ಬಹುಮಟ್ಟಿಗೆ ಕಾರಣ. ಅದನ್ನು ಪರೀಕ್ಷಿಸದೆ ಬರಿಯ ಫೋಲಿಕ್ ಆಮ್ಲವನ್ನು ನುಂಗಿದರೆ ರಕ್ತಹೀನತೆ ಮರೆಯಾದೀತು, ನರಗಳ ಹಾನಿ ನಿಲ್ಲದು. ಆದುದರಿಂದ ವೈದ್ಯರನ್ನು ಕೇಳಿಯೇ ಜೀವಸತ್ತ್ವದ ಮಾತ್ರೆಗಳನ್ನು ಸೇವಿಸಿರಿ. ಅವುಗಳನ್ನು ನಂಬಿ ರಕ್ತದೊತ್ತಡದ ಔಷಧವನ್ನು ಎಂದಿಗೂ ಬಿಡದಿರಿ.